ಪಾತ್ರ ವಿಶ್ಲೇಷಣೆ ಬರೆಯೋದು ಹೇಗೆ? ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷ. ಈ ಸಲ ಪಠ್ಯದಲ್ಲಿ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’, ‘ತುಘಲಕ್’ ನಾಟಕಗಳು, ‘ಚೋಮನ ದುಡಿ’ ಕಾದಂಬರಿ ಮೂರೂ ಇವೆ. ಓದಿದರೆ ಕಥೆ ಅರ್ಥವಾಗುತ್ತದೆ, ಇಷ್ಟವೂ ಆಗುತ್ತದೆ. ಬರೆಯಲು ಕೂತಾಗಲೇ ಕಷ್ಟ. ‘ಲೇಡಿ ಮ್ಯಾಕ್‌ಬೆತ್ ಮಹತ್ವಾಕಾಂಕ್ಷಿ, ಕ್ರೂರಿ, ಕೊನೆಗೆ ಪಶ್ಚಾತ್ತಾಪ ಪಡುತ್ತಾಳೆ’ ಅಂತ ಮೂರು ಗುಣ ಬರೆದು, ಮುಂದೆ ಕಥೆಯನ್ನೇ ಹೇಳಿಬಿಡುತ್ತೇನೆ. ರೂಪಕ, ಸಂಕೇತ, ನಾಟಕೀಯ ವ್ಯಂಗ್ಯ ಎಲ್ಲದರ ವ್ಯಾಖ್ಯೆ ಬಾಯಿಪಾಠ ಇದೆ, ಬಳಸುವುದು ಗೊತ್ತಿಲ್ಲ. ಮೇಷ್ಟ್ರು ‘ಇದು ಸಾರಾಂಶ, ವಿಶ್ಲೇಷಣೆ ಎಲ್ಲಿ?’ ಅಂತ ಬರೆದು ವಾಪಸ್ ಕೊಟ್ಟರು. ನಿಮಗೆಲ್ಲ ಇದು ಹೇಗೆ ಕೈಗೆ ಹತ್ತಿತು?

* * *

ನನ್ನ ಉತ್ತರ ಪತ್ರಿಕೆಯ ಮೇಲೂ ಒಂದು ಕಾಲದಲ್ಲಿ ಇದೇ ಮಾತು ಇತ್ತು. ಈಗ ಪಾಠ ಮಾಡುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ ದಾರಿ ಸಿಕ್ಕಿದ್ದು ಕೇಳುವ ಪ್ರಶ್ನೆ ಬದಲಾದಾಗ. ‘ಈಕೆ ಎಂಥವಳು?’ ಅಂತ ಕೇಳುವುದನ್ನು ಬಿಟ್ಟೆ. ‘ಆಗ ಆಡಿದ ಮಾತಿಗೂ ಈಗ ಮಾಡುತ್ತಿರುವುದಕ್ಕೂ ಎಲ್ಲಿ ತಾಳೆಯಾಗುತ್ತಿಲ್ಲ?’ ಅಂತ ಹುಡುಕತೊಡಗಿದೆ. ಮೊದಲ ಪ್ರಶ್ನೆಗೆ ಒಂದು ವಿಶೇಷಣ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಪುಸ್ತಕ ತೆರೆಯಲೇಬೇಕು.

ನಿಮ್ಮ ಲೇಡಿ ಮ್ಯಾಕ್‌ಬೆತ್‌ಳನ್ನೇ ತೆಗೆದುಕೊಳ್ಳಿ. ಎರಡನೇ ಅಂಕದ ಎರಡನೇ ದೃಶ್ಯ, ಐದನೇ ಅಂಕದ ಮೊದಲ ದೃಶ್ಯ. ಇವೆರಡನ್ನು ಮಾತ್ರ ಅಕ್ಕಪಕ್ಕ ಇಟ್ಟುಕೊಂಡು ಒಂದು ಸಂಜೆ ಕೂತುಕೊಳ್ಳಿ.

ಮೊದಲನೆಯದರಲ್ಲಿ ಅವಳ ಗಂಡ ಮ್ಯಾಕ್‌ಬೆತ್ ರಾಜ ಡಂಕನ್‌ನನ್ನು ಈಗಷ್ಟೇ ಕೊಂದಿದ್ದಾನೆ. ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು, ಇಡೀ ಸಮುದ್ರವೇ ಬಂದರೂ ಈ ರಕ್ತ ತೊಳೆದೀತೇ ಅಂತ ನಡುಗುತ್ತಾನೆ. ಹೆಂಡತಿಯ ಕೈಯೂ ಅದೇ ಬಣ್ಣವಾಗಿದೆ. ಆದರೆ ಅವಳು, ಸ್ವಲ್ಪ ನೀರು ಸಾಕು, ತೊಳೆದರೆ ಹೋಗುತ್ತದೆ, ಎಷ್ಟು ಸುಲಭ ಅನ್ನುತ್ತಾಳೆ. ಅವನಿಗೆ ಸಮುದ್ರವೂ ಸಾಲದು, ಅವಳಿಗೆ ಒಂದು ಚೊಂಬು ನೀರು ಸಾಕು.

ಈಗ ಐದನೇ ಅಂಕ. ಅವಳು ನಿದ್ದೆಯಲ್ಲಿ ನಡೆಯುತ್ತಿದ್ದಾಳೆ. ಎರಡೂ ಕೈ ಉಜ್ಜಿಕೊಳ್ಳುತ್ತಿದ್ದಾಳೆ. ಕಾಲು ಗಂಟೆ ಹೀಗೆ ಉಜ್ಜುವುದನ್ನು ನೋಡಿದ್ದೇನೆ ಅಂತ ಸೇವಕಿ ವೈದ್ಯನಿಗೆ ಹೇಳುತ್ತಾಳೆ. ಅಲ್ಲಿ ನೀರೂ ಇಲ್ಲ, ರಕ್ತವೂ ಇಲ್ಲ. ಆದರೂ ಕಲೆ ಹೋಗುತ್ತಿಲ್ಲ. ಅರೇಬಿಯಾದ ಸುಗಂಧವೆಲ್ಲ ತಂದರೂ ಈ ಪುಟ್ಟ ಕೈ ಘಮ್ಮೆನ್ನುವುದಿಲ್ಲ ಅಂತ ನಿಟ್ಟುಸಿರು ಬಿಡುತ್ತಾಳೆ. ಅಂದರೆ ಅಂದು ಗಂಡ ಆಡಿದ್ದ ಮಾತು ಈಗ ಅವಳ ಬಾಯಿಗೆ ಬಂದಿದೆ. ‘ಪಶ್ಚಾತ್ತಾಪ ಪಡುತ್ತಾಳೆ’ ಅಂತ ಬರೆದರೆ ಇದೆಲ್ಲ ಕಳೆದುಹೋಗುತ್ತದೆ, ಅಲ್ವಾ?

ಅದೇ ದೃಶ್ಯದಲ್ಲಿ ಇನ್ನೊಂದು ಇದೆ, ನನಗೆ ಬಹಳ ಪ್ರಿಯವಾದದ್ದು. ಅವಳ ಕೈಯಲ್ಲಿ ದೀಪ ಇದೆ. ಸೇವಕಿ ಹೇಳುತ್ತಾಳೆ: ಹತ್ತಿರ ಯಾವಾಗಲೂ ದೀಪ ಇರಲೇಬೇಕು, ಅದು ಅಮ್ಮಾವರ ಅಪ್ಪಣೆ. ಮೊದಲನೇ ಅಂಕಕ್ಕೆ ತಿರುಗಿ ನೋಡಿ. ದಟ್ಟ ಕತ್ತಲೆಯೇ ಬಾ ಅಂತ ಕರೆದವಳು ಇವಳೇ. ಕತ್ತಲನ್ನು ಕರೆದವಳಿಗೆ ಈಗ ಕತ್ತಲಲ್ಲಿ ಇರಲಾಗುತ್ತಿಲ್ಲ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಮೈ ಜುಂ ಅಂದಿತ್ತು. ಅವಳ ಮೇಲೆ ಕನಿಕರ ಹುಟ್ಟಿದ್ದೂ ಅವತ್ತೇ.

ರೂಪಕ, ಸಂಕೇತ ಇವೆಲ್ಲ ಪಾತ್ರಕ್ಕೆ ಹಾಕಿದ ಒಡವೆ ಅಂದುಕೊಂಡಿದ್ದೆ. ಹಾಗಲ್ಲ. ಆ ನೀರು, ಆ ದೀಪ ತೆಗೆದುಬಿಟ್ಟರೆ ಆ ಹೆಂಗಸೇ ಉಳಿಯುವುದಿಲ್ಲ. ಹಾಗಾಗಿ ಪಾತ್ರಕ್ಕೊಂದು ಪ್ಯಾರಾ, ಅಲಂಕಾರಕ್ಕೊಂದು ಪ್ಯಾರಾ ಅಂತ ಬೇರೆ ಮಾಡಬೇಡಿ. ಓದುವಾಗ ಮತ್ತೆ ಮತ್ತೆ ಬರುವ ವಸ್ತುವಿನ ಪಕ್ಕ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಪುಟದ ಸಂಖ್ಯೆ ಬರೆದುಕೊಳ್ಳಿ. ‘ಸಂಕೇತ’ ಅಂತ ಹೆಸರಿಡುವುದು ಕೊನೇ ಕೆಲಸ.

* * *

ನಾನು ಹವ್ಯಾಸಿ ನಾಟಕದವನು, ಪರೀಕ್ಷೆ ಬಿಟ್ಟು ಬಹಳ ವರ್ಷವಾಯಿತು. ನನ್ನದು ಒಂದೇ ಸಲಹೆ. ನಾಟಕವನ್ನು ಜೋರಾಗಿ ಓದಿ. ಯಾರು ಯಾವಾಗ ಒಳಗೆ ಬರುತ್ತಾರೆ ಅನ್ನುವುದನ್ನೂ ಓದಿ. ಕಂಸದಲ್ಲಿರುವ ಆ ಸಾಲುಗಳನ್ನು ಎಲ್ಲರೂ ಹಾರಿಸಿಬಿಡುತ್ತಾರೆ.

‘ಮ್ಯಾಕ್‌ಬೆತ್’ ಮೊದಲ ಅಂಕದ ನಾಲ್ಕನೇ ದೃಶ್ಯದ ತಾಲೀಮಿನಲ್ಲಿ ನಾನು ಡಂಕನ್. ದ್ರೋಹ ಮಾಡಿ ಸತ್ತವನೊಬ್ಬನ ಬಗ್ಗೆ ಮಾತಾಡುತ್ತಿದ್ದೇನೆ: ಮುಖ ನೋಡಿ ಮನಸ್ಸು ಓದುವ ವಿದ್ಯೆ ಯಾವುದೂ ಇಲ್ಲ, ಅವನನ್ನು ಪೂರ್ತಿ ನಂಬಿದ್ದೆ. ಸರಿಯಾಗಿ ಆ ಮಾತಿಗೇ ಮ್ಯಾಕ್‌ಬೆತ್ ಒಳಗೆ ಬರಬೇಕು. ನಾನು ತಿರುಗಿ, ಅಷ್ಟೇ ಪ್ರೀತಿಯಿಂದ ಅವನನ್ನು ಬರಮಾಡಿಕೊಳ್ಳಬೇಕು. ತಾಲೀಮಿನಲ್ಲಿ ಆ ಹುಡುಗ ಎರಡು ಹೆಜ್ಜೆ ತಡವಾಗಿ ಬಂದ. ದೃಶ್ಯ ಸಪ್ಪೆಯಾಯಿತು. ಮಾತಿನ ಬೆನ್ನಿಗೇ ಬಂದಾಗ ನೋಡುತ್ತ ಕೂತವರೆಲ್ಲ ಉಸಿರು ಹಿಡಿದರು. ಮುಂದೆ ತನ್ನನ್ನು ಕೊಲ್ಲುವವನು ಇವನೇ ಅಂತ ಡಂಕನ್‌ಗೆ ಗೊತ್ತಿಲ್ಲ, ನೋಡುವವರಿಗೆ ಗೊತ್ತು. ನಾಟಕೀಯ ವ್ಯಂಗ್ಯ ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಡಂಕನ್ ದಡ್ಡ ಅಲ್ಲ, ನಂಬಿಕೆ ಅವನ ಸ್ವಭಾವ. ಪೆಟ್ಟು ತಿಂದ ಮೇಲೂ ಮತ್ತೆ ನಂಬುವವನು. ಇದು ಅವನ ಪಾತ್ರ ವಿಶ್ಲೇಷಣೆಯೂ ಹೌದು.

ಇನ್ನೊಂದು. ಮೂಲದ ಇಂಗ್ಲಿಷ್‌ನಲ್ಲಿ ನೋಡಿ, ಅಲ್ಲಿಯವರೆಗೆ ತನ್ನ ಮಾತನ್ನು ಪದ್ಯದಲ್ಲಿ ಆಡಿದ ಲೇಡಿ ಮ್ಯಾಕ್‌ಬೆತ್ ಆ ನಿದ್ದೆಯ ನಡಿಗೆಯಲ್ಲಿ ಗದ್ಯಕ್ಕೆ ಇಳಿಯುತ್ತಾಳೆ. ತುಂಡು ತುಂಡು ವಾಕ್ಯ. ಜೋರಾಗಿ ಓದಿದರೆ ಲಯ ಮುರಿದದ್ದು ನಾಲಿಗೆಗೇ ಗೊತ್ತಾಗುತ್ತದೆ.

* * *

‘ಚೋಮನ ದುಡಿ’ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ. ಕಾರಂತರು ಇದನ್ನು 1933ರಲ್ಲಿ ಪ್ರಕಟಿಸಿದರು. ಚೋಮ ಧಣಿಯ ಮನೆಯ ದಲಿತ ಜೀತದಾಳು, ದುಡಿ ಅವನು ಬಾರಿಸುವ ಚರ್ಮವಾದ್ಯ. ಗೈಡುಗಳಲ್ಲಿ ‘ದುಡಿ ಶೋಷಣೆಯ ಸಂಕೇತ’ ಅಂತ ಒಂದೇ ಸಾಲು ಇರುತ್ತದೆ. ನಾನೂ ಅದನ್ನೇ ಬರೆಯುತ್ತಿದ್ದೆ. ಆಮೇಲೆ ಒಂದು ಕೆಲಸ ಮಾಡಿದೆ. ದುಡಿ ಬಾರಿಸುವ ಜಾಗಗಳನ್ನೆಲ್ಲ ಗುರುತು ಹಾಕಿ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು ಅಂತ ಪಕ್ಕದಲ್ಲಿ ಬರೆದೆ. ಸಂತೋಷಕ್ಕೂ ಅದೇ ದುಡಿ, ಸಿಟ್ಟಿಗೂ ಅದೇ, ಕೊನೆಗೆ ಸಾಯುವಾಗಲೂ ಅದೇ. ಬೇಸಾಯ ಮಾಡಬೇಕೆಂಬ ಆಸೆಯನ್ನು ಧಣಿಯ ಮುಂದೆ ಬಿಡಿಸಿ ಹೇಳುವಷ್ಟು ಮಾತು ಚೋಮನಿಗೆ ಇಲ್ಲ. ಮಾತು ನಿಂತಲ್ಲಿ ದುಡಿ ಶುರುವಾಗುತ್ತದೆ. ಹಾಗಾಗಿ ನನಗೆ ದುಡಿ ಅವನ ನಾಲಿಗೆ.

ಹೆಸರನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ‘ದುಡಿ’ ಅಂದರೆ ವಾದ್ಯ. ‘ದುಡಿ’ ಅಂದರೆ ಕೆಲಸ ಮಾಡು ಅಂತಲೂ ಹೌದು. ಜೀವನವಿಡೀ ಅವನಿಗೆ ಬೇರೆಯವರು ಹೇಳಿದ್ದು ಆ ಎರಡನೇ ಮಾತು. ಇದು ಬೇರೆ ಭಾಷೆಗೆ ಹೋಗುವುದೇ ಇಲ್ಲ. ನಮ್ಮ ಭಾಷೆಯಲ್ಲಿ ಓದುವವರಿಗೆ ಸಿಗುವ ಭಾಗ್ಯ.

ಧಣಿ ಸಂಕಪ್ಪಯ್ಯನನ್ನು ‘ದುಷ್ಟ’ ಅಂತ ಸುಮ್ನೆ ಬರೆದುಬಿಡಬೇಡಿ. ಅವನಿಗೆ ಚೋಮನ ಮೇಲೆ ಕನಿಕರ ಇದೆ, ಆದರೆ ತಾಯಿಯ ಮಾತು ಮೀರಲಾರ. ಒಳ್ಳೆಯ ಮನಸ್ಸಿದ್ದೂ ಏನೂ ಮಾಡದವನು. ದುಷ್ಟನಿಗಿಂತ ಇಂಥವನ ಬಗ್ಗೆ ಬರೆಯುವುದು ಜಾಸ್ತಿ ಇರುತ್ತದೆ.

* * *

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಕೂತು ‘ತುಘಲಕ್’ ಮೇಲೆ ಪ್ರಯತ್ನ ಮಾಡಿದೆ. ಹೀಗೆ ಶುರು ಮಾಡಿದ್ದೇನೆ, ತಪ್ಪಿದ್ದರೆ ಹೇಳಿ:

‘1964ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ಈ ನಾಟಕದಲ್ಲಿ ತುಘಲಕ್ ಆದರ್ಶವಾದಿಯೂ ದುಡುಕು ಸ್ವಭಾವದವನೂ ಆದ ಸುಲ್ತಾನ. ನ್ಯಾಯ ಎಲ್ಲರಿಗೂ ಒಂದೇ ಎಂದು ಅವನು ಸಾರಿದಾಗ, ಅಗಸ ಅಜೀಜ್ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ದಾವೆ ಗೆಲ್ಲುತ್ತಾನೆ. ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯಕ್ಕೆ ಇಳಿಯುತ್ತಾನೆ. ಸುಲ್ತಾನ ಧರ್ಮಗುರುವನ್ನು ಕರೆಸಿದಾಗ ಆ ಗುರುವನ್ನು ಕೊಂದು ಅವನ ವೇಷದಲ್ಲೇ ಬರುತ್ತಾನೆ. ಸುಲ್ತಾನ ಒಂದೊಂದು ಬಾಗಿಲು ತೆರೆದಾಗಲೂ ಮೊದಲು ಒಳಗೆ ಬರುವವನು ಅಜೀಜ್.’

* * *

ಮೊದಲು ಉತ್ತರ ಬರೆದವನು ನಾನು. ಓದಿ ತುಂಬಾ ಖುಷಿಯಾಯಿತು. ಆ ಬಾಗಿಲಿನ ಮಾತು ನಿಮ್ಮದೇ, ಅದನ್ನು ಬಿಡಬೇಡಿ. ಮೊದಲ ವಾಕ್ಯ ತೆಗೆದುಹಾಕಿ, ಎರಡನೆಯದರಿಂದ ಶುರು ಮಾಡಿ. ಆದರ್ಶ, ದುಡುಕು ಎರಡೂ ಮುಂದಿನ ಸಾಲುಗಳಲ್ಲೇ ಕಾಣುತ್ತಿವೆ.

ಆಮೇಲೆ ಕೊನೆಯ ದೃಶ್ಯಕ್ಕೆ ಹೋಗಿ. ಅಜೀಜ್ ಸಿಕ್ಕಿಬಿದ್ದಿದ್ದಾನೆ. ಅವನಿಗೆ ಶಿಕ್ಷೆ ಕೊಡಿ ಅಂತ ಆಸ್ಥಾನದ ಇತಿಹಾಸಕಾರ ಬರನಿ ಬೇಡುತ್ತಾನೆ. ಅಷ್ಟು ಜನರನ್ನು ಕೊಲ್ಲಿಸಿದ ಸುಲ್ತಾನ ಇವನೊಬ್ಬನನ್ನು ಕೊಲ್ಲುವುದಿಲ್ಲ. ದಖ್ಖನ್ನಿನ ಸೈನ್ಯದಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ಅಜೀಜ್ ಆಗ ತನ್ನನ್ನು ಸುಲ್ತಾನನ ನಿಜವಾದ ಶಿಷ್ಯ ಅಂತ ಕರೆದುಕೊಳ್ಳುತ್ತಾನೆ. ಆ ಪುಟ ಮೂರು ಸಲ ಓದಿ, ಎದುರಿಗೆ ನಿಂತವನಲ್ಲಿ ಸುಲ್ತಾನನಿಗೆ ಯಾರು ಕಂಡರು ಅಂತ ಬರೆದು ಇಲ್ಲಿ ಹಾಕಿ. ನಾವೆಲ್ಲ ಓದುತ್ತೇವೆ.