ಬಳ್ಳಿ ಹರಿದರೂ ಕರುವಿನ ರಕ್ತ ಏಕೆ ಸುರಿಯಲಿಲ್ಲ?

ಪ್ರಶ್ನೆ: ಹೈನುಗಾರ್ತಿ, ಆಲೂರು ತಾಲ್ಲೂಕು

ಕಳೆದ ಭಾನುವಾರ ನಸುಕಿನಲ್ಲಿ ನಮ್ಮ ಮಿಶ್ರತಳಿ ಹಸು ಹೆಣ್ಣು ಕರು ಹಾಕಿತು. ನಾನು ದಾರ, ಬ್ಲೇಡು ಹಿಡಿದು ಕಾಯುತ್ತಿದ್ದೆ. ಹಸು ಎದ್ದು ನಿಂತಿತು, ಹೊಕ್ಕುಳಬಳ್ಳಿ ತಾನೇ ಹರಿಯಿತು, ನಾಲ್ಕು ಹನಿ ರಕ್ತ ಬಿದ್ದು ನಿಂತಿತು. ಕರುವಿನ ನಾಲಿಗೆ ನೀಲಿಗಟ್ಟಿತ್ತು. ಅತ್ತೆ ಮೂಗಿನಲ್ಲಿ ಹುಲ್ಲುಕಡ್ಡಿ ಆಡಿಸಿದರು. ಕರು ಸೀನಿತು, ನೋಡುತ್ತಿದ್ದಂತೆಯೇ ನಾಲಿಗೆ ಕೆಂಪಗಾಯಿತು. ಉಸಿರೇ ಆಡದೆ ಒಂಬತ್ತು ತಿಂಗಳು ಅದರ ರಕ್ತ ಹೇಗೆ ಓಡುತ್ತಿತ್ತು? ತಾಯಿಯ ರಕ್ತವೇ ಕರುವಿಗೂ ಹರಿಯುತ್ತದೆ ಎನ್ನುತ್ತಾರೆ ಅತ್ತೆ. ಹಾಗಿದ್ದರೆ ಎರಡೂ ಕಡೆಯಿಂದ ಸುರಿಯಬೇಕಿತ್ತಲ್ಲವೇ?

ಉತ್ತರ: ನಿವೃತ್ತ ಪಶುವೈದ್ಯ, ಹಾಸನ

ತಾಯಿ, ನೀವು ಬ್ಲೇಡು ಹಾಕದೇ ಇದ್ದದ್ದು ಒಳ್ಳೆಯದಾಯಿತು.

ಮೊದಲು ಅತ್ತೆಯವರ ಮಾತು. ತಾಯಿಯ ರಕ್ತ ಕರುವಿನೊಳಗೆ ಹರಿಯುವುದಿಲ್ಲ. ಮಾಸು ಬಿದ್ದಾಗ ಅದರ ಮೇಲೆ ಗುಂಡಿಯಂಥ ಕೆಂಪು ಗಂಟುಗಳನ್ನು ನೋಡಿರುತ್ತೀರಿ. ಹಸುವಿನಲ್ಲಿ ಸುಮಾರು 80ರಿಂದ 120 ಇರುತ್ತವೆ. ಗರ್ಭಕೋಶದ ಗಂಟುಗಳಿಗೆ ಇವು ಬೆರಳಿಗೆ ಬೆರಳು ಹೆಣೆದಂತೆ ಕೂಡಿಕೊಂಡಿರುತ್ತವೆ. ಆಮ್ಲಜನಕ, ಆಹಾರ ದಾಟುತ್ತವೆ, ರಕ್ತ ಬೆರೆಯುವುದಿಲ್ಲ. ರೋಗನಿರೋಧಕ ಕಣಗಳೂ ದಾಟಲಾರವು. ಆದ್ದರಿಂದಲೇ ಗಿಣ್ಣದ ಹಾಲು ಎರಡು ಗಂಟೆಯೊಳಗೆ ಕುಡಿಸಿ ಎಂದು ಮನೆಮನೆಯಲ್ಲೂ ಬೇಡಿಕೊಂಡವನು ನಾನು. 30 ಕಿಲೋ ಕರುವಿಗೆ ಮೊದಲ ದಿನ ಮೂರು ಲೀಟರಾದರೂ ಬೇಕು. 24 ಗಂಟೆ ಕಳೆದರೆ ಕರುಳು ಆ ಕಣಗಳನ್ನು ಹೀರುವುದನ್ನು ನಿಲ್ಲಿಸಿರುತ್ತದೆ.

ಇನ್ನು ರಕ್ತದ ದಾರಿ. ಬಳ್ಳಿಯಲ್ಲಿ ಎರಡು ಅಪಧಮನಿ, ಎರಡು ಅಭಿಧಮನಿ, ಜೊತೆಗೆ ಮೂತ್ರ ಸಾಗಿಸುವ ಒಂದು ನಾಳ. ಶುದ್ಧ ರಕ್ತ ತರುವುದು ಇಲ್ಲಿ ಅಭಿಧಮನಿಗಳು. ಆ ರಕ್ತದ ಒಂದಷ್ಟು ಯಕೃತ್ತಿನಲ್ಲಿ ಹರಡುತ್ತದೆ, ಉಳಿದದ್ದು ಡಕ್ಟಸ್ ವೀನೋಸಸ್ ಎಂಬ ಅಡ್ಡದಾರಿಯಲ್ಲಿ ನೇರವಾಗಿ ಹೃದಯದತ್ತ ಸಾಗುತ್ತದೆ. ಅಲ್ಲಿ ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಒಂದು ಕಿಂಡಿ, ಫೋರಾಮೆನ್ ಓವೇಲ್. ಅದರ ಮೂಲಕ ಒಳ್ಳೆಯ ರಕ್ತ ಎಡಕ್ಕೆ ದಾಟಿ ಮಿದುಳಿಗೂ ಹೃದಯಕ್ಕೂ ಮೊದಲು ಸಿಗುತ್ತದೆ. ಬಲಗಡೆ ಉಳಿದ ರಕ್ತ ಶ್ವಾಸಕೋಶದತ್ತ ಹೊರಟರೂ ಬಹುಪಾಲು ಒಳಹೋಗದೆ ಡಕ್ಟಸ್ ಆರ್ಟೀರಿಯೋಸಸ್ ಎಂಬ ಸೇತುವೆಯಿಂದ ಮಹಾಪಧಮನಿಗೆ ಸೇರುತ್ತದೆ. ದ್ರವ ತುಂಬಿದ ಶ್ವಾಸಕೋಶಕ್ಕೆ ಆಗ ಅಷ್ಟು ರಕ್ತದ ಅಗತ್ಯವೇ ಇಲ್ಲ.

ನಿಮ್ಮ ಕರು ಸೀನಿ ಉಸಿರೆಳೆದ ಗಳಿಗೆಯಲ್ಲಿ ಶ್ವಾಸಕೋಶ ಅರಳಿತು, ರಕ್ತ ಅತ್ತ ನುಗ್ಗಿ ಎಡ ಕೋಣೆಗೆ ಮರಳಿತು. ಅಲ್ಲಿನ ಒತ್ತಡ ಏರಿ ಕಿಂಡಿಯ ಪದರ ಮುಚ್ಚಿಕೊಂಡಿತು. ಸೇತುವೆ ಆಮ್ಲಜನಕ ತಾಗಿದ ಮೇಲೆ ತಾನೇ ಬಿಗಿಯುತ್ತದೆ. ಪೂರ್ತಿ ಮುಚ್ಚಲು ಕೆಲವು ದಿನ ಹಿಡಿಯಬಹುದು. ಮೂವತ್ತು ವರ್ಷ ಕೊಟ್ಟಿಗೆಗಳಲ್ಲಿ ನಿಂತು ನೋಡಿದ್ದೇನೆ, ನಾಲಿಗೆಯ ಆ ಬಣ್ಣ ತಿರುಗುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ.

ರಕ್ತ ಸುರಿಯದಿರಲು ಕಾರಣ ಬಳ್ಳಿಯ ಅಪಧಮನಿಗಳ ದಪ್ಪ ಸ್ನಾಯು. ಎಳೆದು ಹರಿದಾಗ ಅವು ರಬ್ಬರಿನಂತೆ ಹೊಟ್ಟೆಯೊಳಕ್ಕೆ ಸರಿದು ಬಿಗಿಯುತ್ತವೆ. ಹರಿತವಾದ ಬ್ಲೇಡು ಈ ಎಳೆತವನ್ನು ತಪ್ಪಿಸಿಬಿಡುತ್ತದೆ. ಹರಿದ ಮೇಲೂ ರಕ್ತ ನಿಲ್ಲದಿದ್ದರೆ ಮಾತ್ರ ದಾರ ಕಟ್ಟಿ. ಅಯೋಡಿನ್‌ನಲ್ಲಿ ಮೋಟನ್ನು ಅದ್ದುವುದು ಮರೆಯಬೇಡಿ: ಸೋಂಕು ಅಭಿಧಮನಿಯ ಹಳೆಯ ದಾರಿ ಹಿಡಿದು ಯಕೃತ್ತಿಗೂ, ರಕ್ತದ ಮೂಲಕ ಕೀಲುಗಳಿಗೂ ತಲುಪುತ್ತದೆ.

ಉತ್ತರ: ಪಶುವೈದ್ಯಕೀಯ ವಿದ್ಯಾರ್ಥಿನಿ, ಹಾಸನ

ಸರ್ ಹೇಳಿದ ಎರಡು ಅಭಿಧಮನಿಗಳು ಹೊಟ್ಟೆಯೊಳಗೆ ಬಂದ ಕೂಡಲೇ ಒಂದಾಗುತ್ತವೆ. ಛೇದನದ ತರಗತಿಯಲ್ಲಿ ಅದನ್ನು ಬೆರಳಿನಿಂದ ಹಿಂಬಾಲಿಸಿ ಯಕೃತ್ತು ಮುಟ್ಟಿದಾಗಲೇ ನನಗೆ ಪಾಠ ಅರ್ಥವಾದದ್ದು. ಕುದುರೆ, ಹಂದಿಗಳಲ್ಲಿ ಡಕ್ಟಸ್ ವೀನೋಸಸ್ ಹುಟ್ಟುವ ಮೊದಲೇ ಮಾಯವಾಗುತ್ತದೆ. ಹಸು, ಕುರಿ, ಮೇಕೆಗಳಲ್ಲಿ ಕೊನೆಯವರೆಗೂ ಉಳಿಯುತ್ತದೆ. ಇನ್ನು ಸರ್ ಹೇಳಿದ ಸೇತುವೆ, ಡಕ್ಟಸ್ ಆರ್ಟೀರಿಯೋಸಸ್, ಬೆಳೆದ ಹಸುವಿನ ಹೃದಯದ ಬಳಿ ಬಿಳಿ ನಾರಿನ ಪಟ್ಟಿಯಾಗಿರುತ್ತದೆ.

ಪ್ರಶ್ನೆ ಕೇಳಿದವರು:

ಡಾಕ್ಟರೇ, ಗಿಣ್ಣದ ಹಾಲು ಆರು ಗಂಟೆಯೊಳಗೆ ಕುಡಿಸಿದ್ದೆ, ಅಯೋಡಿನ್ ಹಚ್ಚಿರಲಿಲ್ಲ. ಇವತ್ತು ನೋಡಿದರೆ ಮೋಟು ಒಣಗಿದೆ, ಹೊಕ್ಕುಳ ಊದಿಲ್ಲ, ಕೀಲು ಬಿಸಿಯಿಲ್ಲ. ಆದರೂ ಸಂಜೆ ನಮ್ಮೂರಿನ ಪಶು ಆಸ್ಪತ್ರೆಯವರನ್ನು ಕರೆಸಿ ತೋರಿಸುತ್ತೇನೆ. ಅತ್ತೆಗೆ ನಿಮ್ಮ ಉತ್ತರ ಓದಿ ಹೇಳಿದೆ. ಮಾಸಿನ ಗುಂಡಿಗಳ ಮಾತು ಕೇಳಿ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.