ಉಟ್ಕಿಯಾಗ್ವಿಕ್‌ನಲ್ಲಿ ಗೂಡಿನ ಹಕ್ಕಿಗಳ ಫೋಟೋ: ಎಷ್ಟು ಹತ್ತಿರ ಹೋಗಬಹುದು?

ಪ್ರಶ್ನೆ: ಜೂನ್‌ನಲ್ಲಿ ಅಲಾಸ್ಕಾದ ಉತ್ತರ ತುದಿಯ ಊರು ಉಟ್ಕಿಯಾಗ್ವಿಕ್‌ಗೆ ಹೊರಟಿದ್ದೇನೆ. ಕೆಂಪು ಫಲರೋಪ್ ಎಂಬ ಪುಟ್ಟ ನೀರುಹಕ್ಕಿ ಕಾವು ಕೂರುವುದನ್ನು ತೆಗೆಯುವ ಆಸೆ. 500 ಎಂಎಂ ಲೆನ್ಸ್ ಸಾಕಾ?

ಉತ್ತರ 1: ಲೆನ್ಸ್ ಸಾಕು. ಆದರೆ ದಯವಿಟ್ಟು ಗೂಡು ಹುಡುಕಿಕೊಂಡು ಹೋಗಬೇಡಿ. ಅಲ್ಲಿ ಮರಗಳೇ ಇಲ್ಲ, ಗೂಡೆಲ್ಲ ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ. ನೀವು ಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆ ಬೇಗ ತಣ್ಣಗಾಗುತ್ತದೆ. ಮೇಲೆ ಸುತ್ತುವ, ಮೊಟ್ಟೆ ಕದಿಯುವ ಸ್ಕುವಾ ಹಕ್ಕಿಗೂ ಜಾಗ ಗೊತ್ತಾಗುತ್ತದೆ. ಫಲರೋಪ್‌ನಲ್ಲಿ ಕಾವು ಕೂರುವುದು ಗಂಡು. ಬಣ್ಣ ಜಾಸ್ತಿ ಇರುವುದು ಹೆಣ್ಣಿಗೆ! ನೀರಿನ ಹೊಂಡದ ಪಕ್ಕ ಸುಮ್ನೆ ಕೂತುಬಿಡಿ. ಮೇಯುತ್ತಾ ಅವೇ ಹತ್ತಿರ ಬರುತ್ತವೆ. ನನಗೆ ಆ ಚಿತ್ರವೇ ಗೂಡಿನ ಚಿತ್ರಕ್ಕಿಂತ ಇಷ್ಟ.

ಪ್ರಶ್ನೆ ಕೇಳಿದವರು: ಬೆಳಕು ಯಾವಾಗ ಚೆನ್ನಾಗಿರುತ್ತದೆ?

ಉತ್ತರ 1: ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ ಅಲ್ವಾ, ಹಾಗಾಗಿ ನಡುರಾತ್ರಿ ಹೋಗಿ. ಬಿಸಿಲು ಓರೆಯಾಗಿ, ಹೊನ್ನಿನ ಬಣ್ಣದಲ್ಲಿ ಬೀಳುತ್ತದೆ. ಮಧ್ಯಾಹ್ನ ಚಳಿಯಿದ್ದರೂ ಬಿಸಿಲಿಗೆ ಕಾದ ನೆಲದ ಮೇಲೆ ಗಾಳಿ ನಡುಗುತ್ತದೆ, ದೂರದ ಚಿತ್ರ ಮಸುಕಾಗುತ್ತದೆ.

ಉತ್ತರ 2: ಒಂದು ಮಾತು ಸೇರಿಸುತ್ತೇನೆ. ಹಕ್ಕಿ ನಿಮ್ಮ ಗಮನ ಬೇರೆಡೆ ಸೆಳೆಯಲು ರೆಕ್ಕೆ ಮುರಿದಂತೆ ನಟಿಸಿದರೆ ಗೂಡು ಹತ್ತಿರದಲ್ಲೇ ಇದೆ. ಹೆಜ್ಜೆ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಹಿಮಗೂಬೆಯ ಮುಖ್ಯ ಆಹಾರ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿ; ಅದು ಕಡಿಮೆಯಾದ ವರ್ಷ ಗೂಬೆ ಗೂಡು ಮಾಡದೇ ಇರಬಹುದು. ಗಮ್ ಬೂಟು ಮರೆಯಬೇಡಿ, ನೆಲವೆಲ್ಲ ಕೆಸರು.