ಭೋಸರಿ ಗಾಳಾಕ್ಕ ಸ್ಲೈಡಿಂಗ್ ಮೈಟರ್ ಸಾ: 8 ಇಂಚಿಂದೋ 10 ಇಂಚಿಂದೋ?

ಭೋಸರಿ ಬಡಿಗ್ಯಾ:
ನಮಸ್ಕಾರ್ರಿ ಎಲ್ಲಾರಿಗೂ. ಪುಣೆಯಾಗ ಭೋಸರಿ ಕಡೆ 12 ಬೈ 20 ಫೂಟಿನ ಗಾಳಾ (ಕೆಲಸದ ಶೆಡ್) ಹಿಡದೀನಿ, ಬಾಗಿಲ ಚೌಕಟ್ಟು, ಕಿಡಕಿ, ಬಾಗಿಲ ಸುತ್ತ ಹೊಡೆಯೋ ಪಟ್ಟಿ ಇದ ಕೆಲಸ ಜಾಸ್ತಿ, ನಡುನಡುವ ಬುಕ್ ಶೆಲ್ಫ್ ಬರ್ತಾವ. ಇಷ್ಟ ದಿನ ಮೂಲೆಮಟ್ಟ ಹಿಡದು ಕೈ ಸರ್ಕ್ಯುಲರ್‌ಲೇ ಕೊಯ್ತಿದ್ದೆ, ಈಗ ಸ್ಲೈಡಿಂಗ್ ಮೈಟರ್ ಸಾ (ಮರ ಅಡ್ಡಕ್ಕ, ಕೋನಕ್ಕ ಕೊಯ್ಯೋ, ಬ್ಲೇಡು ರೇಲಿನ ಮ್ಯಾಲೆ ಹಿಂದ-ಮುಂದ ಸರಿಯೋ ಮಷಿನ್) ತಗೋಬೇಕಂತ ರೊಕ್ಕ ಕೂಡಿಸೀನಿ. 8 ಇಂಚಿನ ವರ್ಗದ ಬಾಷ್ ಜಿಸಿಎಂ 8 ಎಸ್‌ಜೆಎಲ್ ನೋಡಿ ಬಂದೆ, 216 ಎಂಎಂ ಬ್ಲೇಡು, 1600 ವ್ಯಾಟ್, 312 ಎಂಎಂ ಅಗಲ ಕೊಯ್ತದ. ಅಂಗಡಿಯಾವ್ರು 10 ಇಂಚಿಂದ ತಗೋರಿ ಅಂತಾರ. ಒಮ್ಮೆ ತಗೊಂಡ್ರ 10 ವರ್ಷ ಅದರ ಮ್ಯಾಲೆ ಕೆಲಸ ಮಾಡೋದೈತಿ, ಅದಕ್ಕ ಕೇಳಾಕತ್ತೀನಿ.

ಡೊಂಬಿವ್ಲಿ ಫರ್ನಿಚರ್:
ನಿಮಗೆ ಸ್ಲೈಡ್ ಬೇಕೇ ಬೇಕಾ ಅಂತ ಮೊದಲು ಯೋಚನೆ ಮಾಡಿ. ನನ್ನ ಹತ್ರ ಮಕಿಟಾ ಎಲ್‌ಎಸ್1040 ಇದೆ, ಸ್ಲೈಡ್ ಇಲ್ಲದ ಸಾದಾ 10 ಇಂಚು, ತೂಕ 11 ಕೆಜಿ ಅಷ್ಟೇ. 69 ಎಂಎಂ ದಪ್ಪಕ್ಕೆ 130 ಎಂಎಂ ಅಗಲ ಕೊಯ್ಯುತ್ತೆ, 5 ಬೈ ಎರಡೂವರೆ ಇಂಚಿನ ಚೌಕಟ್ಟು ಅಂದ್ರೆ 127 ಬೈ 63, ಒಂದೇ ಏಟಿಗೆ ಆಗುತ್ತೆ. ಸ್ಲೈಡ್ ಇದ್ದಲ್ಲಿ ರೇಲು ಬೇರಿಂಗು ಅಂತ ಸವೆಯೋ ಭಾಗ ಜಾಸ್ತಿ, ಒಂಚೂರು ಅಲುಗಾಡಿದ್ರೂ ಮೈಟರ್ ಜಾಯಿಂಟಲ್ಲಿ (45 ಡಿಗ್ರಿಗೆ ಕೊಯ್ದು ಕೂಡಿಸೋ ಮೂಲೆ) ಸಂದಿ ಕಾಣುತ್ತೆ. ಶೆಲ್ಫಿಗೆ ಹೇಗಿದ್ರೂ 8 ಬೈ 4 ಅಡಿ ಪ್ಲೈ ಸೀಳಬೇಕಲ್ವಾ, ಅದು ಯಾವ ಮೈಟರ್ ಸಾದಲ್ಲೂ ಆಗಲ್ಲ, ಉಳಿದ ದುಡ್ಡಲ್ಲಿ ಟ್ರ್ಯಾಕ್ ಸಾ (ಉದ್ದ ಪಟ್ಟಿ ಮೇಲೆ ಜಾರೋ ಗರಗಸ) ತಗೊಳ್ಳಿ.

ಭೋಸರಿ ಬಡಿಗ್ಯಾ:
ಚೌಕಟ್ಟಿಗೆ ನಿಮ್ಮ ಮಾತು ಖರೇ ಅದರಿ. ಆದ್ರ ಸುತ್ತಿನ ಪಟ್ಟಿ 4 ಇಂಚಿಂದು, ಮೂಲ್ಯಾಗ 45 ಡಿಗ್ರಿಗೆ ಕೊಯ್ಬೇಕು. 130 ಅಗಲದ ಮಷಿನ್ 45ಕ್ಕ ತಿರುಗಿಸಿದ್ರ 92ಕ್ಕ ಬಂದು ನಿಲ್ತದ, ನನ್ನ ಪಟ್ಟಿ 100. ದಿನಾ ಮಾಡೋ ಕೆಲಸಾನ ಅದು, 8 ಎಂಎಂ ಸಲುವಾಗಿ ಮತ್ತ ಕೈ ಗರಗಸ ಹಿಡೀಬೇಕಾಗ್ತದ.

ಮಡಗಾಂವ್ ಮರದಂಗಡಿ:
ಹಾಗಾದ್ರೆ ಸ್ಲೈಡಿಂಗೇ ಬೇಕು, ಅದರಲ್ಲಿ ಮಾತಿಲ್ಲ. ಆದ್ರೆ 8 ಇಂಚು ಬೇಡ ಮಾರಾಯ್ರೆ. ಗೋವಾದಲ್ಲಿ ನನಗೆ ಹಳೇ ಮನೆ ರಿಪೇರಿ ಕೆಲಸ ಬರ್ತದೆ, ಅಲ್ಲಿ ಚೌಕಟ್ಟು 5 ಬೈ 3, ಅಂದ್ರೆ ದಪ್ಪ 76 ಎಂಎಂ. 216ರ ಬ್ಲೇಡು 70ಕ್ಕೇ ಮುಗೀತು. ತಿರುವಿ ಹಾಕಿ ಉಳಿದ 6 ಎಂಎಂ ಕೊಯ್ಯುವ ಅಂದ್ರೆ ಮೆಟ್ಟಿಲು ಬಿದ್ದೇ ಬೀಳ್ತದೆ, ಮತ್ತೆ ಹತ್ತರಿ ಹಿಡ್ಕೊಂಡು ಕೂತ್ಕೊಳ್ಳಬೇಕು. ಮಕಿಟಾ ಎಲ್‌ಎಸ್1019ಎಲ್ ಅಂತ 10 ಇಂಚಿನದ್ದು ಉಂಟು, 260 ಎಂಎಂ ಬ್ಲೇಡು, 91 ದಪ್ಪಕ್ಕೆ 279 ಅಗಲ ಕೊಯ್ತದೆ. ಇನ್ನೊಂದು ಮುಖ್ಯ ವಿಷಯ, ಅದರ ರೇಲು ಹಿಂದೆ ಹೋಗುದಿಲ್ಲ, ಗೋಡೆಗೆ ತಾಗಿಸಿ ಇಡ್ಲಿಕ್ಕೆ ಆಗ್ತದೆ. ನಿಮ್ಮದು 12 ಫೂಟು ಅಗಲದ ಜಾಗ, ರೇಲು ಹಿಂದೆ ಹೋಗುವ ಮಷಿನ್ ಆದ್ರೆ ಗೋಡೆಯಿಂದ ಸುಮಾರು ಒಂದು ಫೂಟು ಸುಮ್ಮನೆ ಬಿಡಬೇಕು.

ಡೊಂಬಿವ್ಲಿ ಫರ್ನಿಚರ್:
ಆ 1019ಎಲ್ 26 ಕೆಜಿ, ಸೈಟಿಗೆ ಹೊತ್ಕೊಂಡು ಮೂರನೇ ಮಹಡಿ ಹತ್ತಿ ನೋಡಿ ಗೊತ್ತಾಗುತ್ತೆ. 8 ಇಂಚಿಂದು 17 ಕೆಜಿ ಚಿಲ್ಲರೆ.

ಭೋಸರಿ ಬಡಿಗ್ಯಾ:
ನಂದು ಎಲ್ಲಾ ಗಾಳಾದಾಗ ಕೊಯ್ದು ಸೈಟಿಗೆ ಕಳಸೋದ್ರಿ, ಮಷಿನ್ ಎತ್ತೋದಿಲ್ಲ.

ವಾಶಿ ಹವ್ಯಾಸಿ:
ನಡುವೆ ಒಂದು ಪ್ರಶ್ನೆ. ನನ್ನ ಭಾವ ಅಮೆರಿಕದಿಂದ ಬರ್ತಿದಾರೆ, ಡಿವಾಲ್ಟ್ ಡಿಡಬ್ಲ್ಯುಎಸ್780 ಮೈಟರ್ ಸಾ ತರಿಸ್ಕೊಳ್ಳೋದಾ?

ಡೊಂಬಿವ್ಲಿ ಫರ್ನಿಚರ್:
ಬೇಡ. ಅದು 120 ವೋಲ್ಟ್ 15 ಆಂಪ್ ಮಷಿನ್, ನಮ್ಮ 230ಕ್ಕೆ ಹಾಕಿದ್ರೆ ಸುಟ್ಟು ಹೋಗುತ್ತೆ. ವೋಲ್ಟ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಬೇಕು, ಅದೂ 3 ಕೆವಿಎ ಆದ್ರೂ ಬೇಕು, ಅದೇ ಒಂದು ಹೊರೆ.

ಚಿಂಚವಡ ಪ್ಯಾಟರ್ನ್ ಶಾಪ್:
ತಮ್ಮಾ, ನೀವೆಲ್ಲಾ ಮಷಿನ್ ಮಷಿನ್ ಅನ್ನಾಕತ್ತೀರಿ, ಬ್ಲೇಡಿನ ಮಾತ ಯಾರೂ ತೆಗೀವಲ್ರಿ. 30 ವರ್ಷ ಮರದ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡೀನಿ, ಮಷಿನ್ ಜೋಡಿ ಬಂದ ಬ್ಲೇಡಿನ ಮ್ಯಾಲೆ ಒಳ್ಳೆ ಜಾಯಿಂಟ್ ಮಾಡಿದ್ದು ನೆನಪಿಲ್ಲ. ಸ್ಲೈಡಿಂಗಿಗೆ ಹಲ್ಲಿನ ಹುಕ್ ಆ್ಯಂಗಲ್ (ಹಲ್ಲು ಮುಂದ ಬಾಗಿರೋ ಕೋನ) ಕಮ್ಮಿ ಇರ್ಬೇಕು, ಮೈನಸ್ 5ರಿಂದ ಪ್ಲಸ್ 5 ಡಿಗ್ರಿ ಒಳಗ. ಟೇಬಲ್ ಸಾ ಬ್ಲೇಡಿಗೆ 15-20 ಇರ್ತದ, ಅದನ್ನ ಇದಕ್ಕ ಹಾಕಿದ್ರ ಬ್ಲೇಡು ತಾನ ಮರ ಏರ್ಕೊಂಡು ನಿನ್ನ ಕಡೆ ನುಗ್ತದ. ನಂಗ ಒಮ್ಮೆ ಹಂಗ ಆಗೇತಿ, ಎರಡು ಇಂಚಿನ ಸಾಗವಾನಿ, ಎಳಕೋತ ಕೊಯ್ಯಾಕ ಹೋದೆ, ಬ್ಲೇಡು-ಮೋಟಾರ್ ಇರೋ ಹೆಡ್ಡು ಜಿಗದು ಬಂದು ಭುಜಾ ಉಳುಕಿ ಎಂಟು ದಿನ ಕೈ ಎತ್ತಾಕ ಆಗಲಿಲ್ಲ. ಮೊದಲ ಹೆಡ್ ಮುಂದ ಎಳಕೋ, ಸ್ಪೀಡ್ ತಗೊಳ್ಳಲಿ, ಕೆಳಗ ಇಳಿಸು, ಆಮ್ಯಾಲೆ ಹಿಂದ ನೂಕು. ಕೊಯ್ದಾದ ಮ್ಯಾಲೆ ಬ್ಲೇಡು ಪೂರಾ ನಿಂತ ಮ್ಯಾಲೆ ಎತ್ತು. ಸಣ್ಣ ಪಟ್ಟಿಗೆ ಸ್ಲೈಡ್ ಲಾಕ್ ಹಾಕಿ ಸಾದಾ ಮಷಿನ್ ಹಂಗ ಒತ್ತು, ಡೊಂಬಿವ್ಲಿಯವ್ರು ಹೇಳಿದ ಅಲುಗಾಟ ಅಲ್ಲೇ ಕಮ್ಮಿ ಆಗ್ತದ.

ಮಡಗಾಂವ್ ಮರದಂಗಡಿ:
ಧೂಳಿಂದು ಕೂಡ ಹೇಳ್ತೇನೆ. ಮಷಿನ್ ಜೊತೆ ಬರುವ ಚೀಲ ಅರ್ಧ ಹೊಟ್ಟು ಕೂಡ ಹಿಡಿಯುದಿಲ್ಲ. ವ್ಯಾಕ್ಯೂಮ್ ಜೋಡಿಸಿ, ಹಿಂದೆ ಪ್ಲೈಯಿಂದ ಒಂದು ಗೂಡು ಕಟ್ಟಿ, ಮಾಸ್ಕ್ ಇಲ್ಲದೆ ನಿಲ್ಲಬೇಡಿ. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ 1995ರಲ್ಲೇ ಸೇರಿಸಿದೆ.

ಚಿಂಚವಡ ಪ್ಯಾಟರ್ನ್ ಶಾಪ್:
ಮತ್ತ ತಮ್ಮಾ, ರೊಕ್ಕ ಕೊಡೋಕಿಂತ ಮೊದಲ ಅಂಗಡ್ಯಾಗ ಕೊಯ್ದು ನೋಡು. ಒಂದು ಅಂಚು ಸರಳ ಇರೋ ಅಗಲ ಪ್ಲೈ ತುಂಡು ಒಯ್ಯಿ, ಆ ಅಂಚು ಫೆನ್ಸಿಗೆ (ಮರ ಒರಗಿಸೋ ಮಷಿನ್ ಪಟ್ಟಿ) ತಾಗಿಸಿ ನಡುವ ಕೊಯ್ಯಿ, ಒಂದು ಅರ್ಧ ಮಗಚಿ ಹಾಕಿ ಎರಡೂ ತುಂಡಿನ ಸರಳ ಅಂಚು ಫೆನ್ಸಿಗೆ ತಾಗಿಸಿ ಕೂಡಿಸು. ಸಂದಿ ಕಂಡ್ರ ತಪ್ಪು ಅದರ ಅರ್ಧ.

ಭೋಸರಿ ಬಡಿಗ್ಯಾ:
ಕಾಕಾ, ಇವತ್ತ ಮಾಡಿ ಬಂದೆ. ರವಿವಾರ ಪೇಟೆಯೊಳಗ ಒಂದು ಅಂಗಡಿಗೆ 10 ಇಂಚ ಅಗಲದ ಪ್ಲೈ ಒಯ್ದಿದ್ದೆ. ಡಿಸ್‌ಪ್ಲೇಕ್ಕಿಟ್ಟ 10 ಇಂಚಿನ ಮಷಿನ್ನಾಗ ಮೊದಲ ಸಲ ಕೊಯ್ದು ಮಗಚಿ ಕೂಡಿಸಿದ್ರ ಒಂದು ತುದಿಯಾಗ 1 ಎಂಎಂ ಸಂದಿ, ಬೆಳಕ ಆಚೆ ಕಾಣ್ತಿತ್ತು. ಅಂಗಡಿ ಹುಡುಗ ಫೆನ್ಸ್ ಬೋಲ್ಟ್ ಸಡ್ಲ ಮಾಡಿ ಮೂಲೆಮಟ್ಟ ಹಿಡದು ಕೂಡಿಸಿದ, ಎರಡನೇ ಸಲ ಕಾಗದಾನೂ ಹೋಗಲಿಲ್ಲ. ಹೆಡ್ ಪೂರಾ ಎಳದು ಅಡ್ಡ ಅಲುಗಾಡ್ಸಿ ನೋಡಿದೆ, ಗಟ್ಟಿ ಐತಿ. ಮುಂದಿನ ತಿಂಗಳ 5 ಬೈ 3ರ ಆರು ಚೌಕಟ್ಟಿನ ಆರ್ಡರ್ ಐತಿ, ಹಂಗಾಗಿ 10 ಇಂಚಿಂದ ಮುಂಗಡ ಕೊಟ್ಟು ಬಂದೆ, ಕಮ್ಮಿ ಹುಕ್ಕಿನ 60 ಹಲ್ಲಿನ ಬ್ಲೇಡೂ ಹೇಳೀನಿ.

ಡೊಂಬಿವ್ಲಿ ಫರ್ನಿಚರ್:
5 ಬೈ 3 ಅಂತ ಮೊದಲೇ ಹೇಳಿದ್ರೆ ನಾನೂ ಅದನ್ನೇ ಹೇಳ್ತಿದ್ದೆ, 76 ದಪ್ಪ ನನ್ನ ಮಷಿನ್ನಲ್ಲಿ 5 ಇಂಚು ಅಗಲಕ್ಕೆ ಆಗಲ್ಲ. ಆದ್ರೆ ಆರು ತಿಂಗಳಿಗೊಮ್ಮೆ ಆ ಮಗಚೋ ಪರೀಕ್ಷೆ ಮಾಡ್ತಾ ಇರಿ, ಸ್ಲೈಡಿಂಗ್ ಮೇಲೆ ನನಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಮಡಗಾಂವ್ ಮರದಂಗಡಿ:
16 ಆಂಪಿನ ಬೇರೆ ಪಾಯಿಂಟ್ ಹಾಕಿಸಿ, ಎಕ್ಸ್‌ಟೆನ್ಶನ್ ವಯರಲ್ಲಿ ಓಡಿಸಬೇಡಿ. ಮಳೆಗಾಲದಲ್ಲಿ ರೇಲಿಗೆ ಒಣ ಬಟ್ಟೆ ತಪ್ಪಿಸಬೇಡಿ.

ಭೋಸರಿ ಬಡಿಗ್ಯಾ:
ವೈರ್‌ಮನ್ ನಾಳೆ ಮುಂಜಾನೆ 9ಕ್ಕ ಬರ್ತಾನ್ರಿ. ಗೂಡಿಗೆ ಪ್ಲೈ ಗಾಳಾದಾಗ ಬಿದ್ದೈತಿ, ಮಷಿನ್ ಬರೋದ್ರೊಳಗ ಕಟ್ಟಿ ಇಡ್ತೀನಿ.